ಮನೆ ಹತ್ತಿರ ವಿಷದ ಹಾವು ಬಂದರೆ: ದಾವಣಗೆರೆ, ಚಿತ್ರದುರ್ಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆ ಶುರುವಾಗುತ್ತಿದ್ದಂತೆ ಫೋನ್ ಕರೆಗಳೂ ಶುರುವಾಗುತ್ತವೆ. ಹರಿಹರದ ಗದ್ದೆ ಪಕ್ಕದ ಮನೆಯಿಂದ, ಚಳ್ಳಕೆರೆಯ ಶೇಂಗಾ ಗೋದಾಮಿನಿಂದ, ಚಿತ್ರದುರ್ಗದ ಕೋಟೆ ಬದಿಯ ಓಣಿಯಿಂದ. ಊರು ಬೇರೆಯಾದರೂ ಕೇಳುವುದು ಹೆಚ್ಚುಕಮ್ಮಿ ಅವೇ ಪ್ರಶ್ನೆ. ಅದಕ್ಕೇ ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇವೆ. ಹಾವು ಈಗ ಎದುರಿಗೇ ಇದ್ದರೆ ಮೊದಲ ಮೂರು ಉತ್ತರ ಓದಿ, ಸಾಕು. ಯಾರಿಗಾದರೂ ಕಚ್ಚಿದ್ದರೆ ಇದನ್ನು ಓದುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಹೊರಡಿ.

ಹಾವು ಮನೆಯೊಳಗೇ ಇದೆ. ಈಗ ಏನು ಮಾಡಬೇಕು?

ಮೊದಲು ಹತ್ತು ಅಡಿ ಹಿಂದೆ ಸರಿಯಿರಿ. ಮಕ್ಕಳು, ವಯಸ್ಸಾದವರು, ನಾಯಿ, ಬೆಕ್ಕು ಎಲ್ಲರನ್ನೂ ಹೊರಗೆ ಕಳಿಸಿ. ಬೇರೆ ಕೋಣೆಗಳ ಬಾಗಿಲು ಹಾಕಿ, ಬಾಗಿಲ ಕೆಳಗಿನ ಸಂದಿಗೆ ಹಳೇ ಬಟ್ಟೆ ತುರುಕಿ. ಹಾವು ಹೊರಬಾಗಿಲ ಹತ್ತಿರವೇ ಇದ್ದರೆ ಆ ಬಾಗಿಲು ಮಾತ್ರ ತೆರೆದಿಡಿ. ಎಷ್ಟೋ ಸಲ ಅದೇ ತೆವಳಿಕೊಂಡು ಹೊರಗೆ ಹೋಗುತ್ತದೆ.

ಇನ್ನು ಮುಖ್ಯ ಕೆಲಸ: ಒಬ್ಬರು ದೂರದಲ್ಲಿ ನಿಂತು ಅದರ ಮೇಲೆ ಕಣ್ಣಿಟ್ಟಿರಬೇಕು. ಒಬ್ಬರೇ ಸಾಕು. ಎದ್ದುಹೋಗಬೇಕಾದರೆ ಇನ್ನೊಬ್ಬರನ್ನು ನಿಲ್ಲಿಸಿ ಹೋಗಬೇಕು. ಹಾವು ಕಣ್ಣೆದುರು ಇದ್ದರೆ ಹಿಡಿಯುವುದು ಒಂದು ಟೀ ಕುಡಿಯುವಷ್ಟು ಹೊತ್ತಿನ ಕೆಲಸ. ಎಲ್ಲಿ ಹೋಯಿತೋ ಗೊತ್ತಿಲ್ಲ ಅಂದರೆ ಅಟ್ಟದಿಂದ ಅಕ್ಕಿ ಡಬ್ಬದವರೆಗೆ ಮನೆಯನ್ನೇ ಖಾಲಿ ಮಾಡಬೇಕಾಗುತ್ತದೆ. ಆಮೇಲೂ ಸಿಗದಿದ್ದರೆ ಆ ರಾತ್ರಿ ಯಾರಿಗೂ ನಿದ್ದೆ ಇಲ್ಲ.

ಕೋಲಿನಿಂದ ತಿವಿಯಬೇಡಿ. ಫಿನಾಯಿಲ್, ಸೀಮೆಎಣ್ಣೆ, ಬಿಸಿನೀರು ಸುರಿಯಬೇಡಿ. ಸುರಿದರೆ ಅದು ಮೈ ಸುಟ್ಟುಕೊಂಡು ಇನ್ನೂ ಒಳಗಿನ ಸಂದಿಗೆ ನುಗ್ಗುತ್ತದೆ. ಆಮೇಲೆ ಹಿಡಿಯಲು ಬಂದವರಿಗೂ ಕಷ್ಟ, ಹಾವಿಗೂ ಸಾವು.

ಯಾರಿಗೆ ಫೋನ್ ಮಾಡಬೇಕು?

ಅರಣ್ಯ ಇಲಾಖೆಯ ಸಹಾಯವಾಣಿ 1926. ನಿಮ್ಮ ವಲಯ ಅರಣ್ಯ ಕಚೇರಿಗೂ ಹೇಳಬಹುದು. ಯಾರೂ ಸಿಗದಿದ್ದರೆ 112. ನಿಮ್ಮ ಭಾಗದಲ್ಲಿ ಇಲಾಖೆಗೆ ಗೊತ್ತಿರುವ ಉರಗ ರಕ್ಷಕರು ಯಾರಿದ್ದಾರೆ ಎಂದು ಮಳೆಗಾಲಕ್ಕೆ ಮೊದಲೇ ಕೇಳಿ, ನಂಬರ್ ಬರೆದು ಗೋಡೆಗೆ ಅಂಟಿಸಿಡಿ. ಹಾವು ಬಂದ ಮೇಲೆ ನಂಬರ್ ಹುಡುಕಲು ಹೊರಟರೆ ಅಳಿಯನ ಗೆಳೆಯನ ಪರಿಚಯದವರೇ ಸಿಗುವುದು.

ಫೋನ್‌ನಲ್ಲಿ ಮೂರು ವಿಷಯ ಹೇಳಿ: ಮನೆ ಎಲ್ಲಿ, ಹಾವು ಮನೆಯ ಯಾವ ಜಾಗದಲ್ಲಿದೆ, ಅಂದಾಜು ಉದ್ದ ಎಷ್ಟು. ದೂರದಿಂದಲೇ ಝೂಮ್ ಮಾಡಿ ಒಂದು ಫೋಟೋ ಕಳಿಸಿದರೆ ಇನ್ನೂ ಒಳ್ಳೆಯದು. ಅರ್ಧ ಕರೆಗಳು ಫೋಟೋದಲ್ಲೇ ಮುಗಿದುಹೋಗುತ್ತವೆ, ಯಾಕೆಂದರೆ ಅದು ವಿಷವಿಲ್ಲದ ಕೇರೆಹಾವೋ ತೋಳದ ಹಾವೋ ಆಗಿರುತ್ತದೆ.

ಬರಲು ಒಂದು ಗಂಟೆ ಆಗುತ್ತದಂತೆ. ಅಲ್ಲಿವರೆಗೆ ಬುಟ್ಟಿ ಮುಚ್ಚಿಬಿಡಲಾ?

ಬೇಡ. ಬುಟ್ಟಿ ಮುಚ್ಚಲು ನೀವು ಎಷ್ಟು ಹತ್ತಿರ ಹೋಗಬೇಕೋ, ಅದು ಕಚ್ಚಲು ಸಾಕಾಗುವಷ್ಟು ಹತ್ತಿರ. ಸುಮ್ನೆ ನಿಂತು ನೋಡುತ್ತಿರಿ. ಕರೆಂಟ್ ಹೋದರೆ ಟಾರ್ಚ್ ಬೇಕಾಗುತ್ತದೆ, ಅದನ್ನು ಕೈಯಲ್ಲಿಟ್ಟುಕೊಳ್ಳಿ.

ಅದು ವಿಷದ ಹಾವು ಅಂತ ಗುರುತಿಸುವುದು ಹೇಗೆ?

ನಮ್ಮ ಎರಡು ಜಿಲ್ಲೆಗಳಲ್ಲಿ ಜೀವಕ್ಕೆ ಕುತ್ತು ತರುವ ಹಾವುಗಳು ಮುಖ್ಯವಾಗಿ ನಾಲ್ಕು.

ನಾಗರಹಾವು ಹೆಡೆ ಎತ್ತಿದರೆ ಯಾರಿಗೂ ಅನುಮಾನ ಇರುವುದಿಲ್ಲ. ತೊಂದರೆ ಇರುವುದು ಹೆಡೆ ಎತ್ತದಿದ್ದಾಗ. "ಏ ಕೇರೆ ಕಣೋ" ಎಂದು ಬಾಲಕ್ಕೆ ಕೈ ಹಾಕುವವರು ಪ್ರತಿ ಊರಲ್ಲೂ ಒಬ್ಬರಿರುತ್ತಾರೆ. ಕೇರೆಹಾವಿಗೆ ಕಣ್ಣು ದೊಡ್ಡದು, ತುಟಿಯ ಅಂಚಿನಲ್ಲಿ ಕಪ್ಪು ಗೆರೆಗಳಿರುತ್ತವೆ, ಮೈ ಸಪೂರ, ಓಟ ಜೋರು.

ಕೊಳಕುಮಂಡಲಕ್ಕೆ ದಪ್ಪ ಮೈ, ಬೆನ್ನ ಮೇಲೆ ಕಪ್ಪು ಅಂಚಿನ ಕಂದು ಮಚ್ಚೆಗಳ ಮೂರು ಸಾಲು. ಹತ್ತಿರ ಹೋದರೆ ಕುಕ್ಕರ್ ಕೂಗಿದ ಹಾಗೆ ಬುಸುಗುಟ್ಟುತ್ತದೆ. ಭತ್ತದ ಗದ್ದೆ, ಮೆಕ್ಕೆಜೋಳದ ಹೊಲ, ಅಡಿಕೆ ತೋಟ ಎಲ್ಲೆಡೆ ಇದೆ. ಇದನ್ನು ಹೆಬ್ಬಾವಿನ ಮರಿ ಅಂದುಕೊಳ್ಳುವುದು ಬಲು ಅಪಾಯದ ತಪ್ಪು. ಉಲ್ಟಾ ತಪ್ಪೂ ಆಗುತ್ತದೆ: ಪಾಪದ ಮಣ್ಣುಮುಕ್ಕ ಹಾವನ್ನು ಮಂಡಲ ಎಂದು ಹೊಡೆದು ಹಾಕುತ್ತಾರೆ. ಮಣ್ಣುಮುಕ್ಕನ ಬಾಲ ತೀರಾ ಗಿಡ್ಡ. ಮಂಡಲದ ಬಾಲ ಚೂಪಾಗುತ್ತಾ ಹೋಗುತ್ತದೆ.

ಕಟ್ಟುಹಾವು, ಕೆಲವು ಕಡೆ ಕಡಂಬಳ ಅನ್ನುತ್ತಾರೆ. ಹೊಳೆಯುವ ಕಪ್ಪು ಮೈ, ಅಡ್ಡಲಾಗಿ ತೆಳ್ಳನೆಯ ಬಿಳಿ ಪಟ್ಟೆಗಳು, ಸಾಮಾನ್ಯವಾಗಿ ಎರಡೆರಡು ಜೊತೆಯಾಗಿ. ಪಟ್ಟೆಗಳು ತಲೆಯಿಂದ ಸ್ವಲ್ಪ ದೂರ ಬಿಟ್ಟು ಶುರುವಾಗಿ ಬಾಲದ ಕಡೆ ಸ್ಪಷ್ಟವಾಗುತ್ತವೆ. ವಿಷವಿಲ್ಲದ ತೋಳದ ಹಾವಿನಲ್ಲಿ ಪಟ್ಟೆ ಕತ್ತಿನ ಹತ್ತಿರದಿಂದಲೇ ಎದ್ದು ಕಾಣುತ್ತದೆ, ಬಾಲದ ಕಡೆ ಮಾಸುತ್ತದೆ. ಹಗಲು ಮಂಕಾಗಿ ಬಿದ್ದಿರುವ ಕಟ್ಟುಹಾವು ರಾತ್ರಿ ಬೇರೆಯದೇ ಪ್ರಾಣಿ. ನಾಲ್ಕರಲ್ಲಿ ನನಗೆ ಹೆಚ್ಚು ಭಯ ಇದರದ್ದೇ. ಕಾರಣ ಮುಂದೆ ಕಚ್ಚಿದ ಪ್ರಶ್ನೆಯಲ್ಲಿದೆ.

ಗರಗಸ ಮಂಡಲ ಚಿಕ್ಕದು, ಒಂದು ಒಂದೂವರೆ ಅಡಿ. ಕಲ್ಲು, ಕುರುಚಲು ಇರುವ ಒಣ ನೆಲ ಇದರ ಮನೆ. ಹಾಗಾಗಿ ಚಿತ್ರದುರ್ಗ ಜಿಲ್ಲೆಯ ಒಣ ತಾಲ್ಲೂಕುಗಳವರು ಇದನ್ನು ನೆನಪಿಟ್ಟುಕೊಳ್ಳಬೇಕು. ಸುರುಳಿ ಸುತ್ತಿ ಮೈಯ ಹುರುಪೆಗಳನ್ನು ಒಂದಕ್ಕೊಂದು ಉಜ್ಜಿ ಗರಗರ ಸದ್ದು ಮಾಡುತ್ತದೆ. ಬದುವಿಗೆ ಕಲ್ಲು ಎತ್ತುವಾಗ, ಸೌದೆ ಆರಿಸುವಾಗ ಬೆರಳಿಗೆ ಕಚ್ಚಿಸಿಕೊಳ್ಳುವುದೇ ಹೆಚ್ಚು. "ಇಷ್ಟುದ್ದದ ಮರಿ, ಏನು ಮಾಡೀತು" ಅನ್ನಬೇಡಿ.

ತಲೆ ತ್ರಿಕೋನ ಇದ್ದರೆ ಮಾತ್ರ ವಿಷ, ಅಲ್ವಾ?

ಅಲ್ಲ. ನಾಗರಹಾವಿಗೂ ಕಟ್ಟುಹಾವಿಗೂ ತ್ರಿಕೋನದ ತಲೆ ಇಲ್ಲ. ಗೊತ್ತಾಗದಿದ್ದರೆ ವಿಷದ್ದೇ ಎಂದು ಲೆಕ್ಕ ಹಾಕಿ, ದೂರ ಇರಿ.

ಇಷ್ಟೆಲ್ಲಾ ಯಾಕೆ? ಕೊಂದುಬಿಟ್ಟರೆ ಆಯ್ತಲ್ಲ?

ಕಾನೂನಿನ ಮಾತು ಮೊದಲು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹಾವುಗಳಿಗೆ ರಕ್ಷಣೆ ಇದೆ. 2022ರ ತಿದ್ದುಪಡಿ ಆದ ಮೇಲೆ ನಾಗರಹಾವು, ಕೊಳಕುಮಂಡಲ, ಕೇರೆಹಾವು ಮೂರೂ ಮೊದಲ ಪಟ್ಟಿಯಲ್ಲಿವೆ. ಈ ಪಟ್ಟಿಯ ಪ್ರಾಣಿಯನ್ನು ಕೊಂದರೆ 3ರಿಂದ 7 ವರ್ಷ ಜೈಲು, ಜೊತೆಗೆ ದಂಡ. ಜೀವಕ್ಕೇ ಅಪಾಯ ಬಂದಾಗ ಆತ್ಮರಕ್ಷಣೆಗೆ ಕೊಂದರೆ ಅದು ಅಪರಾಧವಲ್ಲ ಎಂದೂ ಕಾಯ್ದೆ ಹೇಳುತ್ತದೆ. ಆದರೆ ಹಿತ್ತಲಲ್ಲಿ ತನ್ನ ಪಾಡಿಗೆ ಹೋಗುತ್ತಿದ್ದ ಹಾವನ್ನು ಹತ್ತು ಜನ ಅಟ್ಟಿಸಿಕೊಂಡು ಹೋಗಿ ಹೊಡೆಯುವುದು ಆತ್ಮರಕ್ಷಣೆ ಆಗುವುದಿಲ್ಲ.

ಇನ್ನೊಂದು ವಿಷಯ ಇದಕ್ಕಿಂತ ಹತ್ತಿರದ್ದು. ಹೊಡೆಯಲು ಹೋದವರಿಗೆ ಕಚ್ಚುವ ಅಪಾಯ ಜಾಸ್ತಿ. ಮೂಲೆಗೆ ಸಿಕ್ಕಿದ ಹಾವಿಗೆ ಬೇರೆ ದಾರಿ ಇರುವುದಿಲ್ಲ. ಸತ್ತಿದೆ ಎಂದು ಮುಟ್ಟಬೇಡಿ, ಕತ್ತರಿಸಿದ ತಲೆ ಕೂಡ ಸ್ವಲ್ಪ ಹೊತ್ತು ಕಚ್ಚಬಲ್ಲದು, ವಿಷವನ್ನೂ ಬಿಡಬಲ್ಲದು.

ರೈತರಿಗೆ ಇಲಿ ಲೆಕ್ಕ ಹೇಳಬೇಕಾಗಿಲ್ಲ. ಮೆಕ್ಕೆಜೋಳ ಗೂಡಿಗೆ ತುಂಬಿದ ಮೇಲೆ ಎಷ್ಟು ಇಲಿಗೆ ಹೋಗುತ್ತದೆ ಎನ್ನುವುದು ಅವರಿಗೇ ನನಗಿಂತ ಚೆನ್ನಾಗಿ ಗೊತ್ತು.

ನಾನೇ ಹಿಡಿಯಬಹುದಾ? ವೀಡಿಯೋ ನೋಡಿ ಕಲಿತಿದ್ದೇನೆ.

ದಯವಿಟ್ಟು ಬೇಡ. ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದೂ ಅದರಲ್ಲೇ ಬರುತ್ತದೆ. ಇಲಾಖೆಯ ಅನುಮತಿ ಇಲ್ಲದೆ ಹಿಡಿದು ಡಬ್ಬದಲ್ಲಿಟ್ಟುಕೊಂಡರೆ ಕೇಸ್ ಆಗಬಹುದು. ವರ್ಷಗಟ್ಟಲೆ ಹಿಡಿದವರೇ ಕಚ್ಚಿಸಿಕೊಂಡು ತೀರಿಹೋದ ಸುದ್ದಿ ನಮ್ಮ ರಾಜ್ಯದಲ್ಲಿ ಆಗಾಗ ಬರುತ್ತದೆ. ಅವರಲ್ಲಿ ಅನೇಕರಿಗೆ ಕಚ್ಚಿದ್ದು ಹಿಡಿಯುವಾಗಲ್ಲ, ಹಿಡಿದ ಮೇಲೆ ಜನರಿಗೆ ತೋರಿಸುವಾಗ.

ಸರಿಯಾಗಿ ಹಿಡಿಯುವುದು ಅಂದರೆ ಹೇಗಿರುತ್ತದೆ?

ನೋಡಲು ಏನೂ ಮಜಾ ಇರುವುದಿಲ್ಲ. ಹಾಗಿದ್ದರೇ ಸರಿ.

ಒಂದು ಉದಾಹರಣೆ ಹೇಳುತ್ತೇನೆ. ಹೊನ್ನಾಳಿ ಕಡೆಯ ಒಂದು ಹಳೇ ಮನೆ. ಬಚ್ಚಲಲ್ಲಿ ಹಂಡೆ ಒಲೆ, ಒಲೆ ಪಕ್ಕ ಸೌದೆ, ಸೌದೆ ಮತ್ತು ಗೋಡೆಯ ನಡುವೆ ಒಂದು ನಾಗರಹಾವು. ಮನೆಯವರು ಬಾಗಿಲಲ್ಲಿ ಗುಂಪುಗೂಡಿ ಮಾತಾಡುತ್ತಿದ್ದರು. ಒಬ್ಬರು ಕೈ ಆಡಿಸಿದಾಗಲೆಲ್ಲ ಹೆಡೆ ಆ ಕಡೆ ತಿರುಗುತ್ತಿತ್ತು. ಎಲ್ಲರನ್ನೂ ಹೊರಗೆ ಕಳಿಸಿ, ಅಲ್ಲಾಡದೆ ನಿಂತ ಮೇಲೆ ಸ್ವಲ್ಪ ಹೊತ್ತಿಗೆ ಹೆಡೆ ಇಳಿಯಿತು. ಹಿಡಿಯಲು ಬಂದವರು ಕೈಗೆ ತೆಗೆದುಕೊಂಡದ್ದು ಒಂದು ಪಿವಿಸಿ ಪೈಪಿನ ತುಂಡು. ಅದರ ಒಂದು ತುದಿಗೆ ಕಪ್ಪು ಬಟ್ಟೆಯ ಉದ್ದನೆ ಚೀಲ ಬಿಗಿದಿತ್ತು. ಪೈಪನ್ನು ಗೋಡೆಗೆ ಒತ್ತಿ, ಬಾಯಿ ಹಾವಿನ ಕಡೆ ಇರುವಂತೆ ನೆಲದ ಮೇಲಿಟ್ಟು, ಹಾವಿನ ಹಿಂದಿನ ಸೌದೆಯನ್ನು ಕೊಕ್ಕೆಯಿಂದ ಒಂದೊಂದಾಗಿ ಎಳೆದರು. ಮರೆ ಕಡಿಮೆಯಾಗುತ್ತಾ ಹೋದಂತೆ ಹಾವು ಕತ್ತಲೆ ಹುಡುಕಿತು. ಎದುರಿಗೆ ಸಿಕ್ಕ ಕತ್ತಲೆ ಪೈಪಿನ ಬಾಯಿ. ನಾಲಿಗೆ ಚಾಚಿ ಒಮ್ಮೆ ನೋಡಿ, ತಾನಾಗಿಯೇ ಒಳಗೆ ನಡೆಯಿತು. ಬಾಲ ಒಳಗಾದ ಮೇಲೆ ಪೈಪ್ ಎತ್ತಿ, ಹಾವು ಚೀಲದ ತಳಕ್ಕೆ ಇಳಿದ ನಂತರ ಚೀಲದ ಕತ್ತು ತಿರುಚಿ ಗಂಟು ಹಾಕಿದರು. ಅಷ್ಟೇ. ಕೈ ಹಾವಿಗೆ ತಾಕಲೇ ಇಲ್ಲ.

ಕತ್ತು ಒತ್ತಿ ಹಿಡಿಯುವುದು ಹಳೇ ಪದ್ಧತಿ. ಹಾವಿನ ಕತ್ತಿನ ಮೂಳೆ ನಾಜೂಕು, ಅಲ್ಲಿ ಒತ್ತಿದರೆ ಒಳಗೆ ಪೆಟ್ಟಾಗುತ್ತದೆ. ಬಿಟ್ಟಾಗ ಹರಿದುಹೋದರೂ ಆಮೇಲೆ ಸಾಯಬಹುದು. ಇಕ್ಕಳದಲ್ಲಿ ನಡುಭಾಗ ಹಿಡಿದು ನೇತಾಡಿಸಿದರೂ ಅದೇ ಕಥೆ. ಬಾಲ ಹಿಡಿದು ತಲೆಕೆಳಗೆ ನೇತು ಹಾಕುವುದಂತೂ ದಪ್ಪ ಮೈಯ ಮಂಡಲಕ್ಕೆ ದೊಡ್ಡ ಹಿಂಸೆ, ಅದು ಮೈ ತಿರುಚಿ ಹಿಡಿದವರಿಗೇ ಕಚ್ಚಬಲ್ಲದು.

ಚೀಲದ ವಿಷಯವೂ ಸಣ್ಣದಲ್ಲ. ಗಾಳಿಯಾಡುವ ದಪ್ಪ ಹತ್ತಿ ಬಟ್ಟೆ ಬೇಕು. ಹೊಲಿಗೆಯ ದಾರ ಹೊರಗಡೆ ಇರಬೇಕು, ಒಳಗಿದ್ದರೆ ಹಾವಿನ ಮೈಗೆ ಸುತ್ತಿಕೊಳ್ಳುತ್ತದೆ. ಬಟ್ಟೆಯ ಮೂಲಕವೂ ಹಲ್ಲು ಹಾಯುತ್ತದೆ, ಹಾಗಾಗಿ ಚೀಲವನ್ನು ತೂತಿರುವ ಗಟ್ಟಿ ಡಬ್ಬದಲ್ಲಿಟ್ಟು ಮುಚ್ಚಳ ಹಾಕಬೇಕು. ಬೈಕಿನ ಡಿಕ್ಕಿಯಲ್ಲಿ, ಬಿಸಿಲಲ್ಲಿ ನಿಂತ ಕಾರಿನಲ್ಲಿ ಇಡಬಾರದು. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಅದು ಬೇಗನೆ ಸತ್ತುಹೋಗುತ್ತದೆ.

ಬಂದವರು ಕೆಲಸ ಗೊತ್ತಿರುವವರು ಅಂತ ಹೇಗೆ ತಿಳಿಯುವುದು?

ಕಾಲಿಗೆ ಶೂ ಇದೆಯಾ, ಕೈಯಲ್ಲಿ ಕೊಕ್ಕೆ, ಚೀಲ, ಡಬ್ಬ ಇದೆಯಾ ನೋಡಿ. ಚಪ್ಪಲಿ ಹಾಕಿಕೊಂಡು ಬರಿಗೈಯಲ್ಲಿ ಬಂದವರಿಗೆ ಧೈರ್ಯ ಇರಬಹುದು, ಅದರಿಂದ ಹಾವಿಗೂ ನಿಮಗೂ ಉಪಯೋಗ ಇಲ್ಲ. ಗೊತ್ತಿರುವವರು ಮೊದಲು ಜನರನ್ನು ದೂರ ಕಳಿಸುತ್ತಾರೆ. ಹಾವಿಗೆ ಮುತ್ತು ಕೊಡುವುದು, ಕೊರಳಿಗೆ ಹಾಕಿಕೊಳ್ಳುವುದು, ಮಕ್ಕಳ ಕೈಯಲ್ಲಿ ಮುಟ್ಟಿಸುವುದು, ರೀಲ್ಸ್‌ಗೆ ಹೆಡೆ ಎತ್ತಿಸುವುದು ಮಾಡುವುದಿಲ್ಲ. ಹಿಡಿದಾದ ಮೇಲೆ ಅದು ಎಲ್ಲಿಂದ ಬಂತು, ಯಾಕೆ ಬಂತು ಎಂದು ಮನೆ ಸುತ್ತ ಒಮ್ಮೆ ನೋಡಿ ಹೇಳುತ್ತಾರೆ. ಹಿಡಿದದ್ದನ್ನು ಇಲಾಖೆಗೆ ತಿಳಿಸುತ್ತಾರೆ.

ನೀವೂ ಸೆಲ್ಫಿ ಕೇಳಬೇಡಿ. ಎಷ್ಟೋ ಹುಡುಗರು ಜನ ಕೇಳಿದರು ಅಂತಲೇ ಮತ್ತೆ ಚೀಲ ಬಿಚ್ಚುವುದು.

ಹಿಡಿದ ಹಾವನ್ನು ದೂರದ ಕಾಡಿಗೆ ಬಿಡಿ ಅಂದರೆ ಒಪ್ಪುವುದೇ ಇಲ್ಲ. ಯಾಕೆ?

ನಮ್ಮ ಹತ್ತಿರ ಅತಿ ಜಾಸ್ತಿ ಜಗಳ ಆಗುವುದು ಈ ಪ್ರಶ್ನೆಗೆ. ಚಿತ್ರದುರ್ಗದವರು "ಜೋಗಿಮಟ್ಟಿಗೆ ಬಿಡಿ" ಅನ್ನುತ್ತಾರೆ. ದಾವಣಗೆರೆಯವರು "ಕುಂದುವಾಡ ಕೆರೆ ಆಚೆಗೆ ಬಿಡಿ" ಅನ್ನುತ್ತಾರೆ, ಬೆಳಗ್ಗೆ ಅದೇ ಕೆರೆ ಏರಿ ಮೇಲೆ ಅರ್ಧ ಊರು ವಾಕಿಂಗ್ ಹೋಗುತ್ತದೆ ಅನ್ನುವುದು ಆಗ ನೆನಪಾಗುವುದಿಲ್ಲ.

ಹಾವಿಗೆ ತನ್ನದೇ ಆದ ಓಡಾಟದ ಜಾಗ ಇರುತ್ತದೆ. ಯಾವ ಬಿಲದಲ್ಲಿ ಮಧ್ಯಾಹ್ನ ತಂಪು, ಎಲ್ಲಿ ಇಲಿ ಸಿಗುತ್ತದೆ, ಎಲ್ಲಿ ನೀರು, ಮುಂಗುಸಿ ಬಂದರೆ ಎಲ್ಲಿ ನುಗ್ಗಬೇಕು, ಇದೆಲ್ಲ ಅದಕ್ಕೆ ಗೊತ್ತು. ಗೊತ್ತಿಲ್ಲದ ಕಡೆ ಬಿಟ್ಟರೆ ಅದು ಒಂದು ಕಡೆ ನಿಲ್ಲುವುದಿಲ್ಲ, ಅಲೆಯುತ್ತದೆ. ಅಲೆದಷ್ಟೂ ರಸ್ತೆ ದಾಟುತ್ತದೆ, ಹದ್ದಿಗೆ ಮುಂಗುಸಿಗೆ ಸಿಗುತ್ತದೆ, ಬೇರೆ ಯಾರದೋ ಮನೆಗೆ ನುಗ್ಗುತ್ತದೆ. ಆಗುಂಬೆ ಕಡೆ ಕಾಳಿಂಗ ಸರ್ಪಗಳ ಮೈಯೊಳಗೆ ರೇಡಿಯೋ ಟ್ರಾನ್ಸ್‌ಮಿಟರ್ ಇಟ್ಟು ಹಿಂಬಾಲಿಸಿದಾಗ, ದೂರ ಬಿಟ್ಟ ಹಾವು ತನ್ನ ಜಾಗದಲ್ಲೇ ಇದ್ದ ಹಾವಿಗಿಂತ ಬಹಳ ಹೆಚ್ಚು ಅಲೆದದ್ದು ಕಂಡಿದೆ. ಬೇರೆ ದೇಶಗಳಲ್ಲಿ ಬುಡುಬುಡಿಕೆ ಹಾವುಗಳ (ರ‍್ಯಾಟಲ್‌ಸ್ನೇಕ್) ಮೇಲೆ ನಡೆದ ಅಧ್ಯಯನಗಳೂ ಇದನ್ನೇ ಹೇಳುತ್ತವೆ, ಅವುಗಳಲ್ಲಿ ಸಾವೂ ಹೆಚ್ಚು.

ನೆಲದ ಗುಣವೂ ಬೇರೆ. ಭದ್ರಾ ನಾಲೆ ನೀರು ಹರಿಯುವ ಗದ್ದೆಯಲ್ಲಿ ಇಲಿ, ಕಪ್ಪೆ ತಿಂದು ಬೆಳೆದ ನಾಗರಹಾವನ್ನು ಒಣ ಗುಡ್ಡದ ಮೇಲೆ ಬಿಟ್ಟರೆ ಅದು ಏನು ತಿನ್ನಬೇಕು? ಮೊಳಕಾಲ್ಮೂರಿನ ಕಲ್ಲುನೆಲದ ಗರಗಸ ಮಂಡಲವನ್ನು ಅಡಿಕೆ ತೋಟದ ಹಸಿಯಲ್ಲಿ ಬಿಟ್ಟರೂ ಅದೇ ಪಾಡು. ಎಲ್ಲರೂ ಒಂದೇ ಕಾಡಿಗೆ ತಂದು ಸುರಿದರೆ ಅಲ್ಲಿ ಮೊದಲಿಂದ ಇರುವ ಹಾವುಗಳಿಗೂ ಕಷ್ಟ, ಕಾಯಿಲೆ ಹರಡುವ ಅಪಾಯವೂ ಇದೆ.

ಹಾಗಾಗಿ ಸರಿಯಾದ ಕ್ರಮ ಇದು: ಅದೇ ದಿನ, ಸಾಧ್ಯವಾದಷ್ಟು ಹತ್ತಿರ, ಒಂದು ಕಿಲೋಮೀಟರ್ ಒಳಗೆ ಜಾಗ ಸಿಕ್ಕರೆ ಬಲು ಒಳ್ಳೆಯದು. ಮನೆ, ಶಾಲೆ, ಕಣ, ಕುರಿಹಟ್ಟಿಗಳಿಂದ ದೂರ ಇರುವ ಪೊದೆ, ಬಿಲ, ಕಲ್ಲಿನ ಸಂದಿ ಇರುವ ಜಾಗ. ಜನ ಓಡಾಟ ಇಲ್ಲದ ಹೊತ್ತು. ಚೀಲವನ್ನು ಪೊದೆಯ ಬುಡದಲ್ಲಿ ಮಲಗಿಸಿ, ಗಂಟು ಬಿಚ್ಚಿ, ತಳದ ಮೂಲೆಯನ್ನು ಕೊಕ್ಕೆಯಿಂದ ಎತ್ತಿದರೆ ಹಾವು ಹೊರಗೆ ಹರಿಯುತ್ತದೆ. ಜಾತ್ರೆಯ ಹಾಗೆ ಜನ ಸೇರಿಸಿಕೊಂಡು ಬಿಡುವುದು ಬೇಡ. ಗಾಯ ಆಗಿದ್ದರೆ ಬಿಡುವ ಮೊದಲು ಇಲಾಖೆಯ ಮೂಲಕ ಪಶುವೈದ್ಯರಿಗೆ ತೋರಿಸಬೇಕು.

ಹತ್ತಿರವೇ ಬಿಟ್ಟರೆ ಮತ್ತೆ ನಮ್ಮ ಮನೆಗೇ ಬರುತ್ತದಲ್ವಾ?

ಬರಬಹುದು. ಅದು ಬರದಿದ್ದರೆ ಇನ್ನೊಂದು ಬರುತ್ತದೆ. ಇಲಿ, ಸಂದಿ, ತಂಪು ಇದ್ದ ಜಾಗ ಖಾಲಿ ಉಳಿಯುವುದಿಲ್ಲ. ಹಾವನ್ನು ಹೊರಗೆ ಹಾಕಿದ ದಿನವೇ ಹಿತ್ತಲ ಸೌದೆ ರಾಶಿಯನ್ನೂ ಜರುಗಿಸಿದರೆ ಮಾತ್ರ ಕೆಲಸ ಪೂರ್ತಿ ಆದಂತೆ. ನನ್ನ ಪ್ರಕಾರ ಸಾಗಿಸುವುದು ಅರ್ಧ ಪರಿಹಾರ ಅಷ್ಟೇ, ಅದೂ ಕೊನೆಯ ಅರ್ಧ.

ಹಿಡಿಯದೆ ಸುಮ್ಮನೆ ಬಿಟ್ಟುಬಿಡಿ ಅಂತ ಯಾವಾಗ ಹೇಳುತ್ತೀರಿ?

ಹೊಲದಲ್ಲಿ, ತೋಟದಲ್ಲಿ, ಖಾಲಿ ಸೈಟಿನಲ್ಲಿ, ಕಾಂಪೌಂಡ್ ಆಚೆ ಕಂಡರೆ ಹಿಡಿಯುವ ಅಗತ್ಯವೇ ಇಲ್ಲ. ಹೋಗುತ್ತಿದ್ದರೆ ದಾರಿ ಬಿಡಿ. ಮನೆಯೊಳಗೆ, ಕೊಟ್ಟಿಗೆಯಲ್ಲಿ, ಅಂಗನವಾಡಿಯಲ್ಲಿ, ಹೊರಗೆ ಹೋಗಲು ದಾರಿಯಿಲ್ಲದ ಬಾವಿಯಲ್ಲಿ ಇದ್ದಾಗ ಮಾತ್ರ ಹಿಡಿಯುವ ಮಾತು.

ಹಿತ್ತಲಲ್ಲಿ ಹುತ್ತ ಇದೆ, ಪಂಚಮಿಗೆ ಹಾಲೆರೆಯುತ್ತೇವೆ. ಅದರೊಳಗೆ ಹಾವೂ ಇದೆ.

ಪೂಜೆ ನಿಮ್ಮ ನಂಬಿಕೆ, ಮಾಡಿ. ಹಾವು ಹಾಲು ಕುಡಿಯುವ ಪ್ರಾಣಿ ಅಲ್ಲ ಅನ್ನುವುದಷ್ಟೇ ನೆನಪಿರಲಿ. ಹುತ್ತದ ಬಾಯಿಗೆ ಹಾಲು ಸುರಿದರೆ ಒಳಗೆ ಹುಳಿ ವಾಸನೆ, ಇರುವೆ. ಕಲ್ಲಿನ ನಾಗಪ್ಪನಿಗೆ ಎರೆದರೆ ಯಾರಿಗೂ ತೊಂದರೆ ಇಲ್ಲ. ಬುಟ್ಟಿಯಲ್ಲಿ ಹಾವು ತಂದು ಹಾಲು ಕುಡಿಸುವವರು ಬಂದರೆ ದುಡ್ಡು ಕೊಡಬೇಡಿ. ಅವುಗಳ ಹಲ್ಲು ಕಿತ್ತು, ದಿನಗಟ್ಟಲೆ ನೀರು ಕೊಡದೆ ಇಟ್ಟಿರುತ್ತಾರೆ. ಬಾಯಾರಿದ್ದಕ್ಕೆ ಸಿಕ್ಕಿದ್ದನ್ನು ಕುಡಿಯುತ್ತದೆ.

ಹುತ್ತ ಕಟ್ಟಿದ್ದು ಗೆದ್ದಲು, ಹಾವು ಬರೀ ಬಾಡಿಗೆಗೆ ಇರುವುದು. ಒಡೆದರೆ ಹಾವು ಸೀದಾ ಮನೆಯ ಕಡೆಗೇ ಬರಬಹುದು. ಮಕ್ಕಳು ಆಡುವ ಜಾಗದಿಂದ ಹುತ್ತಕ್ಕೆ ದೂರ ಇದ್ದರೆ ಸುತ್ತ ಒಂದಿಷ್ಟು ಬೇಲಿ ಮಾಡಿ ಬಿಟ್ಟುಬಿಡಿ.

ಒಂದನ್ನು ಹಿಡಿದರೆ ಜೋಡಿ ಹುಡುಕಿಕೊಂಡು ಬಂದು ಸೇಡು ತೀರಿಸುತ್ತದಂತೆ?

ಸೇಡು ಗೀಡು ಏನೂ ಇಲ್ಲ. ಮುಖ ನೆನಪಿಟ್ಟುಕೊಳ್ಳುವ ಮಿದುಳು ಅದಕ್ಕಿಲ್ಲ. ಕೂಡುವ ಕಾಲದಲ್ಲಿ ಹೆಣ್ಣಿನ ವಾಸನೆ ಹಿಡಿದು ಗಂಡು ಅದೇ ಜಾಗಕ್ಕೆ ಬರುವುದುಂಟು, ಅದನ್ನೇ ಜನ ಹೀಗೆ ಹೇಳುವುದು. ಈ ಭಯವನ್ನೇ ಬಂಡವಾಳ ಮಾಡಿಕೊಂಡು "ಇನ್ನೊಂದು ಇದೆ, ಅದಕ್ಕೆ ಬೇರೆ ಚಾರ್ಜು" ಅನ್ನುವವರಿದ್ದಾರೆ. ಹುಷಾರು.

ಮೊಟ್ಟೆ ಸಿಕ್ಕಿವೆ. ಏನು ಮಾಡಲಿ?

ಮುಟ್ಟದೆ ಇಲಾಖೆಗೆ ಹೇಳಿ. ಹಾವಿನ ಮೊಟ್ಟೆಯನ್ನು ಮಗುಚಬಾರದು, ಮೇಲಿನ ಮಗ್ಗುಲು ಮೇಲೇ ಇರಬೇಕು, ಇಲ್ಲದಿದ್ದರೆ ಒಳಗಿನ ಮರಿ ಸಾಯುತ್ತದೆ. ನಾಗರಹಾವು ಮೊಟ್ಟೆ ಇಡುತ್ತದೆ. ಕೊಳಕುಮಂಡಲ ಮೊಟ್ಟೆ ಇಡದೆ ನೇರ ಮರಿ ಹಾಕುತ್ತದೆ, ಒಂದೇ ಸಲಕ್ಕೆ ಇಪ್ಪತ್ತು, ನಲವತ್ತು. ಮುಂಗಾರಿನ ಶುರುವಿನಲ್ಲಿ ಒಂದು ಮರಿ ಕಂಡರೆ ಸುತ್ತ ಇನ್ನೂ ಇರುತ್ತವೆ ಎಂದುಕೊಂಡೇ ಕಾಲಿಡಿ. ಮರಿಗೂ ಹುಟ್ಟಿದ ದಿನದಿಂದಲೇ ವಿಷ ಇರುತ್ತದೆ.

ತರಕಾರಿ ಮಡಿಗೆ ಹಾಕಿದ ಬಲೆಯಲ್ಲಿ ಹಾವು ಸಿಕ್ಕಿಕೊಂಡಿದೆ.

ಎಳೆಯಬೇಡಿ, ನೀವೇ ಕತ್ತರಿಸಲೂ ಹೋಗಬೇಡಿ. ಮೇಲೆ ಒಂದು ಒದ್ದೆ ಗೋಣಿಚೀಲದ ನೆರಳು ಮಾಡಲು ಸಾಧ್ಯವಾದರೆ ಉದ್ದ ಕೋಲಿನಿಂದ ಮಾಡಿ, ಬಿಸಿಲಿಗೇ ಅರ್ಧ ಸಾಯುವುದು. ಇಲಿ ಅಂಟಿನ ಹಲಗೆಗೆ ಹತ್ತಿಕೊಂಡಿದ್ದರೆ ಬಂದವರಿಗೆ ಅಡುಗೆ ಎಣ್ಣೆ ಕೊಡಿ, ಎಣ್ಣೆಗೆ ಅಂಟು ಬಿಡುತ್ತದೆ.

ಕಚ್ಚಿದರೆ?

108. ಜೊತೆಗೆ ಈ ಕೆಲವು ಮಾತು.

ಕಚ್ಚಿಸಿಕೊಂಡವರು ನಡೆಯಬಾರದು, ಓಡಬಾರದು. ಕಚ್ಚಿದ ಕೈಕಾಲನ್ನು ಮೂಳೆ ಮುರಿದಾಗ ಮಾಡುವಂತೆ ದಬ್ಬೆ ಕಟ್ಟಿ ಅಲ್ಲಾಡದಂತೆ ಇಡಿ. ಬಿಗಿಯಾಗಿ ಕಟ್ಟಬೇಡಿ. ಉಂಗುರ, ಬಳೆ, ಕಾಲುಂಗುರ, ವಾಚ್ ತೆಗೆದುಬಿಡಿ, ಆಮೇಲೆ ಊತ ಬಂದರೆ ತೆಗೆಯಲು ಆಗುವುದಿಲ್ಲ. ಕಚ್ಚಿದ ಹೊತ್ತು ಎಷ್ಟು ಎಂದು ಬರೆದಿಟ್ಟುಕೊಳ್ಳಿ. ದಾರ ಬಿಗಿಯುವುದು, ಬ್ಲೇಡ್ ಹಾಕುವುದು, ಬಾಯಲ್ಲಿ ಹೀರುವುದು, ವಿಷದ ಕಲ್ಲು ಅಂಟಿಸುವುದು, ಮೆಣಸಿನಕಾಯಿ ತಿನ್ನಿಸಿ ನೋಡುವುದು ಇವೆಲ್ಲ ಹೊತ್ತು ಹಾಳು. ಹಾವನ್ನು ಹಿಡಿದು ಅಥವಾ ಕೊಂದು ಆಸ್ಪತ್ರೆಗೆ ತರುವ ಅಗತ್ಯವೂ ಇಲ್ಲ. ಔಷಧ ಈ ನಾಲ್ಕೂ ಹಾವಿಗೆ ಒಂದೇ. ವಾಹನ ಸಿಗದಿದ್ದರೆ ಬೈಕಿನಲ್ಲಿ ಓಡಿಸುವವರು ಮತ್ತು ಹಿಂದೆ ಕೂತವರ ನಡುವೆ ಕೂರಿಸಿಕೊಂಡು ಹೋಗಿ, ಕಾಯುತ್ತಾ ಕೂರಬೇಡಿ.

ಸರ್ಕಾರಿ ಆಸ್ಪತ್ರೆಗಳಲ್ಲಿ ವಿಷಕ್ಕೆ ಪ್ರತಿವಿಷದ ಇಂಜೆಕ್ಷನ್ ಉಚಿತ. ಮಗುವಿಗೂ ದೊಡ್ಡವರಷ್ಟೇ ಡೋಸ್ ಬೇಕು, ಯಾಕೆಂದರೆ ಒಳಗೆ ಹೋದ ವಿಷ ಅಷ್ಟೇ. ಮಂಡಲ ಕಚ್ಚಿದಾಗ ರಕ್ತ ಹೆಪ್ಪುಗಟ್ಟುತ್ತದೋ ಇಲ್ಲವೋ ನೋಡಲು ಗಾಜಿನ ಟ್ಯೂಬಿನಲ್ಲಿ 20 ನಿಮಿಷ ಇಟ್ಟು ಪರೀಕ್ಷೆ ಮಾಡುತ್ತಾರೆ. "ಸುಮ್ನೆ ಕಾಯಿಸುತ್ತಿದ್ದಾರೆ" ಎಂದು ಆಗ ಗಲಾಟೆ ಮಾಡಬೇಡಿ.

ಕಟ್ಟುಹಾವಿನ ಮಾತು ಈಗ. ಇದು ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಚ್ಚುತ್ತದೆ. ನೋವು ಇರುವುದಿಲ್ಲ, ಊತ ಇರುವುದಿಲ್ಲ, ಗುರುತೂ ಕಾಣದಿರಬಹುದು. ಸೊಳ್ಳೆಯೋ ಇರುವೆಯೋ ಎಂದು ಮಗ್ಗುಲು ಬದಲಿಸಿ ಮಲಗುತ್ತಾರೆ. ನಸುಕಿನಲ್ಲಿ ಹೊಟ್ಟೆನೋವು, ವಾಂತಿ, ಆಮೇಲೆ ಕಣ್ಣಿನ ರೆಪ್ಪೆ ಎತ್ತಲು ಆಗುವುದಿಲ್ಲ, ನುಂಗಲು ಆಗುವುದಿಲ್ಲ, ಉಸಿರು ಕಟ್ಟುತ್ತದೆ. ನೆಲದಲ್ಲಿ ಮಲಗೆದ್ದವರಿಗೆ ಬೆಳಗ್ಗೆ ಹೀಗಾದರೆ ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ನೋಡೋಣ ಅನ್ನಬೇಡಿ, ನೇರ ಆಸ್ಪತ್ರೆಗೆ ಹೋಗಿ.

2020ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸಾಯುತ್ತಾರೆ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ. ಅಂದರೆ ಖಾಸಗಿ ಆಸ್ಪತ್ರೆಯೂ ಲೆಕ್ಕ ಕೊಡಬೇಕು.

ಬೆಳ್ಳುಳ್ಳಿ, ಫಿನಾಯಿಲ್, ನುಸಿಗುಳಿಗೆ, ಕಾರ್ಬಾಲಿಕ್ ಆಸಿಡ್ ಹಾಕಿದರೆ ಹಾವು ಬರಲ್ವಾ?

ಬರುತ್ತದೆ. ಕಾರ್ಬಾಲಿಕ್ ಆಸಿಡ್ ಮಕ್ಕಳ ಚರ್ಮ ಸುಡುತ್ತದೆ, ಅದು ಮಾತ್ರ ಖಾತ್ರಿ.

ಹಾಗಾದರೆ ಬರದಂತೆ ಏನು ಮಾಡಬೇಕು?

ಇಲಿ ಕಡಿಮೆ ಮಾಡಿ. ಉಳಿದದ್ದೆಲ್ಲ ಇದರ ಹಿಂದೆ ಬರುತ್ತದೆ. ಮೆಕ್ಕೆಜೋಳದ ತೆನೆ ಮನೆ ಮುಂದೆ ರಾಶಿ ಹಾಕಿ ತಾಡಪಾಲು ಹೊದಿಸುವುದು ನಮ್ಮ ಕಡೆ ಮಾಮೂಲು. ಆ ತಾಡಪಾಲಿನ ಅಂಚು ಎತ್ತುವಾಗ ಕೈ ಹಾಕಬೇಡಿ, ಮೊದಲು ಕೋಲಿನಿಂದ ಎತ್ತಿ ನೋಡಿ. ಹುಲ್ಲಿನ ಬಣವೆ, ಸೊಪ್ಪೆ, ಸೌದೆ, ಕಟ್ಟಡಕ್ಕೆ ತಂದ ಇಟ್ಟಿಗೆ ಇವನ್ನು ಮನೆ ಗೋಡೆಗೆ ಒರಗಿಸಿ ಇಡಬೇಡಿ. ಸೌದೆಯನ್ನು ನೆಲದಿಂದ ಒಂದಡಿ ಎತ್ತರದ ಅಟ್ಟಣೆ ಮೇಲೆ ಇಟ್ಟರೆ ಅಡಿ ಕಾಣುತ್ತದೆ. ಬಚ್ಚಲ ನೀರು ಹೋಗುವ ತೂತಿಗೆ ಜಾಲರಿ ಹಾಕಿ. ಬಾಗಿಲ ಕೆಳಗಿನ ಸಂದಿ ಮುಚ್ಚಿ. ಕೋಳಿಗೂಡನ್ನು ಮಲಗುವ ಕೋಣೆಗೆ ಅಂಟಿಸಿ ಕಟ್ಟಬೇಡಿ. ಮಣ್ಣಿನ ಮಾಳಿಗೆ ಮನೆಯಾದರೆ ಗೋಡೆಯ ಬಿರುಕು, ಇಲಿ ಬಿಲ ಮಳೆಗೆ ಮೊದಲು ಮೆತ್ತಿಬಿಡಿ.

ಮಂಚ, ಸೊಳ್ಳೆ ಪರದೆ. ಮಂಚಕ್ಕೆ ದುಡ್ಡಿಲ್ಲದಿದ್ದರೆ ಪರದೆಯಾದರೂ ಇರಲಿ, ಅಂಚನ್ನು ಹಾಸಿಗೆಯ ಕೆಳಗೆ ಸುತ್ತಲೂ ಸಿಕ್ಕಿಸಿ ಮಲಗಿ. ಕಟ್ಟುಹಾವಿಗೆ ಇಷ್ಟು ಸಾಕು. ರಾತ್ರಿ ಪಂಪ್‌ಸೆಟ್ ಆನ್ ಮಾಡಲು ಹೋಗುವವರು ಟಾರ್ಚ್ ಮತ್ತು ಗಂಬೂಟು ಇಲ್ಲದೆ ಬದು ದಾಟಬೇಡಿ. ತ್ರೀ ಫೇಸ್ ಕರೆಂಟ್ ಕೊಡುವುದೇ ನಡುರಾತ್ರಿ ಅನ್ನುವುದು ಬೇರೆ ಜಗಳ.

ಹಿಡಿದವರಿಗೆ ಎಷ್ಟು ದುಡ್ಡು ಕೊಡಬೇಕು?

ಅರಣ್ಯ ಇಲಾಖೆಯ ಸಿಬ್ಬಂದಿ ಬಂದರೆ ಏನೂ ಕೊಡಬೇಕಾಗಿಲ್ಲ. ಸ್ವಯಂಸೇವಕರು ಬಂದರೆ ಪೆಟ್ರೋಲ್ ಖರ್ಚು ಕೇಳಿ ಕೊಡಿ, ರಾತ್ರಿ ಹನ್ನೆರಡಕ್ಕೆ ಜಗಳೂರಿನವರೆಗೆ ಬಂದವರಿಗೆ ಅದೂ ಕಮ್ಮಿಯೇ. ಹಾವು ನೋಡುವ ಮೊದಲೇ ಸಾವಿರಗಳಲ್ಲಿ ರೇಟು ಹೇಳುವವರಿಗೆ ಬೇಡ ಎಂದು ಹೇಳಿ, 1926ಕ್ಕೆ ಇನ್ನೊಮ್ಮೆ ಫೋನ್ ಮಾಡಿ.